ಸರೋವರ ಇದ್ದಷ್ಟೇ ದೋಣಿ

ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ. ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನಟೊಂಕ ಸರೋವರದಲ್ಲಿ ಎತ್ತ ನೋಡಿದರೂ ದೋಣಿಗಳೇ. ಒಂದರ ಹಿಂದೆ ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಮಕ್ಕಳು ಕಿರುಚುತ್ತಾ ಹೋಗುತ್ತಿದ್ದರೆ, ಇನ್ನೊಂದರ ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತ ತರುಣಿ. ಮೀನು ಹಿಡಿಯಲು ಬಂದ ಮುದುಕ ಇಬ್ಬರನ್ನೂ ಶಪಿಸುತ್ತಾ ಗಾಳ ಎಳೆದುಕೊಳ್ಳುತ್ತಾನೆ. ಹತ್ತಾರು ದೋಣಿಗಳು ಎಬ್ಬಿಸಿದ ಅಲೆಗಳು ಒಂದಕ್ಕೊಂದು ಅಡ್ಡ ಬಂದು, ಗಾಳಿಯ ಸುಳಿವೇ ಇಲ್ಲದಿದ್ದರೂ ನೀರು ಎಸರಿನಂತೆ ಕುದಿಯುತ್ತಿರುತ್ತದೆ.

ಇಂಥ ನೀರಿಗೆ ಮೊದಲ ಬಾರಿಗೆ ಸ್ವಂತ ದೋಣಿ ಇಳಿಸಲು ಹೊರಟ ಸಂಸಾರ ಯಾವ ದೋಣಿ ಕೊಳ್ಳಬೇಕು? ನಮ್ಮಲ್ಲಿ ಮೊದಲ ಕಾರು ಕೊಳ್ಳುವ ಮುನ್ನ ನಡೆಯುವಷ್ಟೇ ಚರ್ಚೆ, ಲೆಕ್ಕಾಚಾರ, ನೆಂಟರಿಷ್ಟರ ಸಲಹೆ ಅಲ್ಲಿ ಇದಕ್ಕೂ ನಡೆಯುತ್ತದೆ. ಕೊಳ್ಳುವ ತೀರ್ಮಾನವಾಗುವುದು ಸಾಮಾನ್ಯವಾಗಿ ಚಳಿಗಾಲದ ದೋಣಿ ಪ್ರದರ್ಶನದಲ್ಲಿ. ಎಡವಟ್ಟು ಶುರುವಾಗುವುದೂ ಅಲ್ಲಿಯೇ. ಪ್ರದರ್ಶನದ ಸಭಾಂಗಣದಲ್ಲಿ ಬಣ್ಣವಿದೆ, ಮೆತ್ತನೆ ಆಸನವಿದೆ, ಸಂಗೀತದ ಪೆಟ್ಟಿಗೆಯಿದೆ. ಅಲೆ ಮಾತ್ರ ಇಲ್ಲ.

ಮಿನೆಸೋಟದ ಮಂದಿಗೆ ನೀರಿನ ಹುಚ್ಚು ಹೊಸದೇನಲ್ಲ. ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ ಆ ರಾಜ್ಯದಲ್ಲಿ 11,842 ಇವೆ. ನೀರಿನ ಮೇಲೆ ಸ್ಕೀ ಆಡುವ ಆಟ ಹುಟ್ಟಿದ್ದೂ ಅಲ್ಲಿಯೇ. ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಂಡು ಆದ ಪೆಪಿನ್ ಸರೋವರದಲ್ಲಿ 1922ರ ಜುಲೈ 2ರಂದು ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟರ ಹುಡುಗ ಅಣ್ಣನ ದೋಣಿಗೆ ಹಗ್ಗ ಕಟ್ಟಿಸಿಕೊಂಡು ನೀರಿನ ಮೇಲೆ ನಿಂತುಬಿಟ್ಟ. ಪೀಪಾಯಿಯ ಪಟ್ಟಿಗಳಿಂದ ಸಾಧ್ಯವಾಗಲಿಲ್ಲ, ಹಿಮದ ಸ್ಕೀಗಳಿಂದಲೂ ಆಗಲಿಲ್ಲ. ಕೊನೆಗೆ ಎಂಟಡಿ ಉದ್ದದ ಹಲಗೆಗಳ ತುದಿಯನ್ನು ಅಮ್ಮನ ತಾಮ್ರದ ಹಂಡೆಯಲ್ಲಿ ಬೇಯಿಸಿ ಬಗ್ಗಿಸಿದ ಮೇಲೆ ಕೆಲಸ ಕೈಗೂಡಿತು. ಪೇಟೆಂಟ್ ಪಡೆಯುವ ಗೋಜಿಗೆ ಆತ ಹೋಗಲಿಲ್ಲ. ಮೂರು ವರ್ಷದ ನಂತರ ಅದು ಬೇರೊಬ್ಬರ ಪಾಲಾಯಿತು.

ಅಂದು ಪೆಪಿನ್‌ನಲ್ಲಿ ಆ ಹುಡುಗನಿಗೆ ಅಡ್ಡ ಬರುವವರು ಇರಲಿಲ್ಲ. ಇಂದಿನ ಜನನಿಬಿಡ ಸರೋವರದ ಕಥೆ ಬೇರೆ. ದೋಣಿ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಅಲ್ಲಿ ಕೊನೆಯ ಪ್ರಶ್ನೆ. ಮಿನಟೊಂಕದಲ್ಲಿ ಹಗಲು ಗಂಟೆಗೆ 40 ಮೈಲಿ, ರಾತ್ರಿ 20 ಮೈಲಿಯ ಮಿತಿಯಿದೆ. ಪುಟ್ಟ ಮಕ್ಕಳ ಟ್ಯೂಬ್ ಎಳೆಯಲು ಹತ್ತು ಹನ್ನೆರಡು ಮೈಲಿ ಧಾರಾಳ. ದೊಡ್ಡವರ ಸ್ಕೀಗೂ ಮೂವತ್ತು ಮೈಲಿ ಸಾಕು. ಬೇಕಾಗಿರುವುದು ವೇಗವಲ್ಲ, ಅಡ್ಡಾದಿಡ್ಡಿ ಅಲೆಗಳನ್ನು ತಡೆದುಕೊಳ್ಳುವ ಒಡಲು. ತಳ ಚಪ್ಪಟೆಯಾಗಿದ್ದಷ್ಟೂ ದೋಣಿ ಸುಲಭವಾಗಿ ತೇಲಿ ಓಡುತ್ತದೆ, ಆದರೆ ಪ್ರತಿ ಅಲೆಗೂ ಬೆನ್ನುಮೂಳೆಗೆ ಪೆಟ್ಟು. ನೇಗಿಲ ಗುಳದಂತೆ ಚೂಪಾಗಿ ಇಳಿದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಇಂಧನ ಹೆಚ್ಚು ಕುಡಿಯುತ್ತದೆ, ನಿಂತಾಗ ತುಸು ಹೆಚ್ಚು ಓಲಾಡುತ್ತದೆ. ಅಂಚು ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಬೇಕು. ಮುಂಭಾಗದಲ್ಲಿ ನಾಲ್ವರು ಕುಳಿತಿರುವಾಗ ವೇಗ ತಗ್ಗಿಸಿದರೆ, ಪಕ್ಕದ ದೋಣಿಯ ಅಲೆ ನೇರ ಮಡಿಲಿಗೇ ಬಂದು ಬೀಳುವುದುಂಟು.

ಹೊಸ ಸಂಸಾರಗಳು ಹೆಚ್ಚಾಗಿ ಒಲಿಯುವುದು ‘ಬೋರೈಡರ್’ ಎಂಬ ಮಾದರಿಗೆ. ಚಾಲಕನ ಮುಂದೆಯೂ ಕೂರಲು ಜಾಗವಿರುವ, 18ರಿಂದ 20 ಅಡಿ ಉದ್ದದ, ಮನೆಯ ಸಾಧಾರಣ ಜೀಪೇ ಎಳೆದೊಯ್ಯಬಹುದಾದ ದೋಣಿ ಇದು. ಎಲ್ಲವನ್ನೂ ಅಷ್ಟಷ್ಟು ಮಾಡುತ್ತದೆ, ಯಾವುದನ್ನೂ ಅದ್ಭುತವಾಗಿ ಮಾಡುವುದಿಲ್ಲ. ಮೊದಲ ದೋಣಿಗೆ ಇದಕ್ಕಿಂತ ಒಳ್ಳೆಯ ಗುಣ ಮತ್ತೊಂದಿಲ್ಲ ಎನ್ನಬೇಕು. ಕುದುರೆ ಶಕ್ತಿಯಲ್ಲಿ ಜಿಪುಣತನ ಮಾಡಿದರೆ ಮಾತ್ರ ಪೇಚಾಟ. ಆರು ಜನರನ್ನು ಹೊತ್ತ ದೋಣಿ ನೀರಿನಿಂದ ಸ್ಕೀಗಾರನನ್ನು ಎಬ್ಬಿಸಲಾರದೆ ಮೂಗೆತ್ತಿಕೊಂಡು ಏದುಸಿರು ಬಿಡುತ್ತದೆ, ಆಗ ಚಾಲಕನಿಗೆ ಮುಂದಿನದೇನೂ ಕಾಣುವುದಿಲ್ಲ.

ಅಜ್ಜ ಅಜ್ಜಿಯರೂ ಜೊತೆಗಿರುವ ಮನೆಗೆ ಪಾಂಟೂನ್ ಹಿತ. 1952ರಲ್ಲಿ ಮಿನೆಸೋಟದ ಆಂಬ್ರೋಸ್ ವೀರ್ಸ್ ಎರಡು ಉಕ್ಕಿನ ಕೊಳವೆಗಳ ಮೇಲೆ ಮರದ ಜಗುಲಿ ಕೂರಿಸಿ ನೀರಿಗೆ ಬಿಟ್ಟಿದ್ದೇ ಇದರ ಮೂಲ. ಈಗಿನ ಮೂರು ಕೊಳವೆಯ ಪಾಂಟೂನ್‌ಗಳು, 150 ಕುದುರೆ ಶಕ್ತಿಯ ಎಂಜಿನ್ ಇದ್ದರೆ, ಟ್ಯೂಬನ್ನೂ ಸ್ಕೀಯನ್ನೂ ಸಲೀಸಾಗಿ ಎಳೆಯುತ್ತವೆ. ಆದರೆ ದೋಣಿ ಓಡುವಾಗ ಮುಂದಿನ ಗೇಟಿನಾಚೆ ಕಾಲು ಇಳಿಬಿಟ್ಟು ಕೂರಲು ಯಾರಿಗೂ ಬಿಡಬಾರದು. ಅಲ್ಲಿಂದ ಜಾರಿದವರು ಬೀಳುವುದು ನೇರವಾಗಿ ದೋಣಿಯ ಅಡಿಗೆ.

ಎಂಜಿನ್ ಎಷ್ಟು ದೊಡ್ಡದು ಎಂದು ಕೇಳುವ ಅಪ್ಪಂದಿರು ಪ್ರೊಪೆಲ್ಲರ್ ಎಲ್ಲಿದೆ ಎಂದು ಕೇಳುವುದು ಅಪರೂಪ. ಮಕ್ಕಳು ನೀರಿಗೆ ಇಳಿಯುವುದೂ ಮರಳಿ ಹತ್ತುವುದೂ ಹಿಂಬದಿಯ ಹಲಗೆಯಿಂದ. ಹೊರಗೆ ತೂಗುವ ಔಟ್‌ಬೋರ್ಡ್ ಎಂಜಿನ್ನಿನಲ್ಲೂ, ಎಂಜಿನ್ ಒಳಗಿದ್ದು ಕಾಲು ಮಾತ್ರ ಹೊರಗಿರುವ ಸ್ಟರ್ನ್‌ಡ್ರೈವಿನಲ್ಲೂ ತಿರುಗುವ ರೆಕ್ಕೆ ಇರುವುದು ಅದರ ಆಸುಪಾಸಿನಲ್ಲೇ. ನ್ಯೂಟ್ರಲ್‌ಗೆ ಹಾಕಿದರೆ ಸಾಲದು. ಎಂಜಿನ್ ಪೂರ್ತಿ ನಿಲ್ಲಿಸಿ, ಕೀಲಿ ಕೈಗೆ ಬಂದ ಮೇಲೆಯೇ ಏಣಿ ಇಳಿಸಬೇಕು. ದೋಣಿ ಎಬ್ಬಿಸಿದ ಅಲೆಯನ್ನೇ ಏರಿ, ಹಗ್ಗ ಬಿಟ್ಟು, ಹಿಂದೆಯೇ ಜಾರುವ ವೇಕ್‌ಸರ್ಫಿಂಗ್ ಆಟ ಹದಿಹರೆಯದವರಿಗೆ ಬಲು ಪ್ರಿಯ. ಹಿಂದೆ ಪ್ರೊಪೆಲ್ಲರ್ ಇರುವ ಮಾಮೂಲಿ ದೋಣಿಯಲ್ಲಿ ಇದನ್ನು ಆಡಲೇಬಾರದು. ರೆಕ್ಕೆ ಒಡಲಿನ ಅಡಿಯಲ್ಲಿರುವ ಇನ್‌ಬೋರ್ಡ್ ದೋಣಿಯೋ, ಮುಂದಕ್ಕೆ ಮುಖಮಾಡಿದ ಪ್ರೊಪೆಲ್ಲರಿನ ದೋಣಿಯೋ ಬೇಕು. ಪ್ರೊಪೆಲ್ಲರೇ ಇಲ್ಲದ ಜೆಟ್ ದೋಣಿಗಳೂ ಇವೆ. ಆದರೆ ಗಾಬರಿಯಲ್ಲಿ ವೇಗ ಪೂರ್ತಿ ತಗ್ಗಿಸಿದರೆ ಅವುಗಳ ಚುಕ್ಕಾಣಿಗೂ ಬಲ ಇರುವುದಿಲ್ಲ, ದೋಣಿ ಹೋದತ್ತ ಹೋಗುತ್ತದೆ. ಜನಜಂಗುಳಿಯಲ್ಲಿ ಹೊಸಬರಿಗೆ ಇದು ತಿಳಿದಿರಬೇಕು.

ವೇಕ್‌ಸರ್ಫಿಂಗಿಗೆಂದೇ ಕಟ್ಟಿದ ದೋಣಿಗಳು ಹೊಸದಾದರೆ ಲಕ್ಷ ಡಾಲರ್ ದಾಟುತ್ತವೆ. ತೊಟ್ಟಿಗಳಿಗೆ ನೀರು ತುಂಬಿಕೊಂಡು ಭಾರವಾಗಿ, ಬೇಕೆಂದೇ ದೊಡ್ಡ ಅಲೆ ಎಬ್ಬಿಸುವುದು ಅವುಗಳ ಕೆಲಸ. ಮಾಮೂಲಿ ದೋಣಿಯ ಅಲೆ 200 ಅಡಿ ದೂರದಲ್ಲಿ ತಗ್ಗುವಷ್ಟು ತಗ್ಗಲು ಇವುಗಳ ಅಲೆಗೆ 500 ಅಡಿಗೂ ಹೆಚ್ಚು ದೂರ ಬೇಕೆಂದು ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಇಕ್ಕಟ್ಟಾದ ಸರೋವರದಲ್ಲಿ ಇಂಥ ದೋಣಿ ಕೊಳ್ಳುವುದೆಂದರೆ ನೆರೆಹೊರೆಯವರ ಜಗಳವನ್ನೂ ಜೊತೆಗೇ ಕೊಂಡಂತೆ.

ಚಾಲಕನ ಬಳಿ ಅಂಟಿಸಿರುವ ಚಿಕ್ಕ ಫಲಕವನ್ನು ಮರೆಯದೆ ಓದಬೇಕು. 20 ಅಡಿಗಿಂತ ಚಿಕ್ಕದಾದ ಒಂಟಿ ಒಡಲಿನ ಮೋಟಾರು ದೋಣಿಗೆ ಎಷ್ಟು ಜನ, ಎಷ್ಟು ತೂಕ ಎಂದು ನಮೂದಿಸುವುದು ಅಲ್ಲಿ ಕಾನೂನು. ‘ಎಂಟು ಜನ’ ಎಂದಿದ್ದರೆ ಅದು ತಿಳಿನೀರಿನ ಲೆಕ್ಕ. ಟ್ಯೂಬಿನಿಂದ ಬಿದ್ದ ಇಬ್ಬರನ್ನು ಒಳಗೆ ಎಳೆದುಕೊಳ್ಳಲೂ ಜಾಗ ಬೇಕಲ್ಲ? ಎಳೆಯುವಾಗ ಚಾಲಕನ ಕಣ್ಣು ಮುಂದೆ ಇರಬೇಕಾದ್ದರಿಂದ, ಹಿಂದಿರುವವರನ್ನು ನೋಡಲು ಇನ್ನೊಬ್ಬರು ಅಥವಾ ಅಗಲವಾದ ಕನ್ನಡಿ ಇರಲೇಬೇಕೆಂದು ಮಿನೆಸೋಟದ ನಿಯಮ. ಕನ್ನಡಿಗಿಂತ ಚಿಕ್ಕಮ್ಮನ ಕಣ್ಣೇ ವಾಸಿ.

2023ರಲ್ಲಿ ಅಮೆರಿಕದಾದ್ಯಂತ ಮನರಂಜನೆಯ ದೋಣಿಗಳ ಅವಘಡಗಳಲ್ಲಿ 564 ಮಂದಿ ಸತ್ತರು. ಕಾರಣ ಗೊತ್ತಾದ ಸಾವುಗಳಲ್ಲಿ ಮುಕ್ಕಾಲು ಪಾಲು ಮುಳುಗಿದ್ದು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಆದ್ದರಿಂದ ಮಕ್ಕಳ ಮೈಗೆ ಸರಿಯಾಗಿ ಕೂರುವ ಜಾಕೆಟ್ಟುಗಳ ಹಣವನ್ನು ದೋಣಿಯ ಬೆಲೆಯೊಳಗೇ ಸೇರಿಸಬೇಕು. ಹುಡುಗರು ದೊಡ್ಡವರಾದಂತೆ ಅವನ್ನು ಬದಲಿಸಲೂ ಬೇಕು.

ಹಣದ ಮಾತು ಬಂದರೆ, ಕೊಳ್ಳುವಾಗ ತೆತ್ತದ್ದು ಮೊದಲ ಕಂತು ಮಾತ್ರ. ಟ್ರೇಲರ್, ವಿಮೆ, ಕಟ್ಟಿಹಾಕುವ ಕಟ್ಟೆಯ ಬಾಡಿಗೆ, ಇಂಧನ ಎಲ್ಲ ಬೇರೆ. ಉತ್ತರದ ಚಳಿಯ ಕಾಟ ಇನ್ನೂ ಬೇರೆ. ಶರತ್ಕಾಲದಲ್ಲಿ ಸ್ಟರ್ನ್‌ಡ್ರೈವ್ ಎಂಜಿನ್ನಿನ ನೀರನ್ನು ಬಸಿಯದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನಿನ ಒಡಲನ್ನೇ ಬಿರಿಯುತ್ತದೆ. ನೇರವಾಗಿ ನಿಲ್ಲಿಸಿದ ಔಟ್‌ಬೋರ್ಡಿನಿಂದ ನೀರು ತಾನಾಗಿ ಇಳಿದುಹೋಗುತ್ತದೆ. ಇದೊಂದೇ ಕಾರಣಕ್ಕೆ ಔಟ್‌ಬೋರ್ಡ್ ಆರಿಸುವವರಿದ್ದಾರೆ.

2020ರ ಕೋವಿಡ್ ಬೇಸಿಗೆಯಲ್ಲಿ ಮನೆಯಲ್ಲಿ ಕೂರಲಾರದೆ ದೋಣಿ ಕೊಂಡವರು ಅನೇಕರು. ಹುಮ್ಮಸ್ಸು ಇಳಿದ ಮೇಲೆ ಅಂಥ ಕೆಲವು ದೋಣಿಗಳು ಕೈ ಬದಲಾಯಿಸಿವೆ. ಹಳೆಯದನ್ನು ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ನೆಲದ ಮೇಲೆ ಹಿಮ್ಮಡಿ ಊರಿ ನಡೆದು ನೋಡಬೇಕು. ಮೆತ್ತಗೆ ಕುಸಿದರೆ ಒಳಗಿನ ಮರ ಕೊಳೆತಿದೆಯೆಂದೇ ಅರ್ಥ. ಎಂಜಿನ್ ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ನೀರಿಗಿಳಿಸಿ ಓಡಿಸಿ ತೋರಿಸಲು ಒಪ್ಪದವರಿಂದ ಕೊಳ್ಳದಿರುವುದೇ ಕ್ಷೇಮ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೆಂದರೆ ಬಾಡಿಗೆ. ಒಂದು ಶನಿವಾರ ಪಾಂಟೂನ್, ಮತ್ತೊಂದು ಶನಿವಾರ ಬೋರೈಡರ್ ಪಡೆದು, ಅದೇ ಸರೋವರದಲ್ಲಿ, ಅದೇ ಜನಸಂದಣಿಯ ಹೊತ್ತಿನಲ್ಲಿ ಸುತ್ತಿ ಬಂದರೆ ಯಾರಿಗೆ ಏನು ಇಷ್ಟ, ಯಾರಿಗೆ ತಲೆ ಸುತ್ತುತ್ತದೆ ಎಲ್ಲ ಬಯಲಾಗುತ್ತದೆ. ಮಂಗಳವಾರದ ತಿಳಿನೀರಿನಲ್ಲಿ ನೋಡಿದ ದೋಣಿ ಶನಿವಾರಕ್ಕೆ ಪ್ರಮಾಣವಲ್ಲ.

ಕೊಂಡಾದ ಮೇಲೆ ಕಾದಿರುವ ಅಗ್ನಿಪರೀಕ್ಷೆ ದೋಣಿ ಇಳಿಸುವ ಇಳಿಜಾರಿನದು. ಹಿಂದೆ ಹತ್ತು ವಾಹನಗಳ ಸಾಲು, ಟ್ರೇಲರ್ ಎಡಕ್ಕೆಂದರೆ ಬಲಕ್ಕೆ ತಿರುಗುತ್ತದೆ. ಆ ಗಡಿಬಿಡಿಯಲ್ಲಿ ಮರೆತುಹೋಗುವುದು ತಳದ ತೂತಿಗೆ ಹಾಕುವ ಬಿರಡೆ. ಜೀಬ್ರಾ ಮಸೆಲ್ ಎಂಬ ಪಿಡುಗಿನ ಚಿಪ್ಪುಜೀವಿ ಸರೋವರದಿಂದ ಸರೋವರಕ್ಕೆ ಹರಡದಂತೆ ದೋಣಿಯ ನೀರನ್ನೆಲ್ಲ ಬಸಿದು, ಬಿರಡೆ ತೆಗೆದೇ ರಸ್ತೆಯಲ್ಲಿ ಸಾಗಿಸಬೇಕೆಂದು ಮಿನೆಸೋಟದಲ್ಲಿ ಕಾನೂನೇ ಇದೆ. ಹಾಗಾಗಿ ಪ್ರತಿ ಸಲವೂ ಅದನ್ನು ಹೊಸದಾಗಿ ಹಾಕಬೇಕು. ಒಮ್ಮೆ ಮರೆತು ಕಾಲಡಿಗೆ ನೀರು ಬಂದವರು ಮುಂದೆ ಬಿರಡೆಯನ್ನು ಎಂಜಿನ್ ಕೀಲಿಯ ಗೊಂಚಲಿಗೇ ಕಟ್ಟಿಡುತ್ತಾರೆ.