ಕಾಟಕಾಯಿ ಎಂದು ಕರೆದವರು ಯಾರು?

ಉದಕಮಂಡಲಕ್ಕೆ ಶಾಲಾ ಪ್ರವಾಸ ಹೋಗಿದ್ದಾಗ ನಡೆದ ಮಾತು ಇದು. ಬಂಡೀಪುರ ದಾಟಿ, ಗೂಡಲೂರಿನ ಘಾಟಿ ಏರಿ, ಚಳಿಗೆ ಕೈ ಉಜ್ಜುತ್ತ ಮಕ್ಕಳು ಬಸ್ಸಿನಿಂದ ಇಳಿದಿದ್ದರು. ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಮಾಷ್ಟ್ರೇ, ಬ್ರಿಟಿಷರು ಇಲ್ಲಿಗೆ ಬಂದದ್ದು ತಂಪಿಗೆ ಮಾತ್ರವೇ?” ತಂಪಿಗೂ ಹೌದು, ರಾಜ್ಯಭಾರಕ್ಕೂ ಹೌದು ಎಂದೆ. ಆ ಉತ್ತರದಲ್ಲಿ ನಮ್ಮ ಊರಿನ ಕಥೆಯೂ ಸೇರಿದೆ ಎಂಬುದನ್ನು ಮಕ್ಕಳಿಗೆ ಅಂದು ಪೂರ್ತಿ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

1834ರ ಬೇಸಗೆಯಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಉದಕಮಂಡಲದಲ್ಲಿ ಬಿಡಾರ ಮಾಡಿದ್ದ. ಆ ವರ್ಷದ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ಕೊಡಗನ್ನು ಹೊಕ್ಕು ಮಡಿಕೇರಿಯನ್ನು ಹಿಡಿಯಿತು. ಹಾಲೇರಿ ವಂಶದ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಶರಣಾದ. ಮೇ 7ರಂದು ಕೊಡಗು ಕಂಪೆನಿಯ ಸೀಮೆಯೆಂದು ಘೋಷಣೆಯಾಯಿತು. ರಾಜನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಸಾಗಿಸಿದರು. ಜೂನ್ ಕೊನೆಯ ಹೊತ್ತಿಗೆ ಮೆಕಾಲೆ ಎಂಬ ಇಂಗ್ಲಿಷ್ ವಿದ್ವಾಂಸ ಮದರಾಸಿನಿಂದ ಪಾಲಕಿಯಲ್ಲಿ ಬಂದು ನೀಲಗಿರಿಯ ಮೇಲೆ ಬೆಂಟಿಂಕನನ್ನು ಸೇರಿಕೊಂಡ. ಮುಂದೆ 1848ರಿಂದ ಅವನು ಪ್ರಕಟಿಸಿದ ಇಂಗ್ಲೆಂಡಿನ ಇತಿಹಾಸದ ಮುಖ್ಯ ಕಥೆ, ಎರಡನೆಯ ಜೇಮ್ಸ್ ಪಟ್ಟಕ್ಕೇರಿ ಪದಚ್ಯುತನಾದ ಸಂಗತಿ!

ಸ್ಟುವರ್ಟ್ ವಂಶದ ಕಥೆ

ಆ ಕಥೆಯನ್ನು ಸ್ವಲ್ಪದರಲ್ಲಿ ನೋಡೋಣ. 1688ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜೇಮ್ಸ್ ಸಿಂಹಾಸನ ಕಳೆದುಕೊಂಡು ಫ್ರಾನ್ಸಿಗೆ ಓಡಿದ. ಅವನು ಸ್ಟುವರ್ಟ್ ವಂಶದವನು. ಆ ವಂಶದ ಮೂಲ ಸ್ಕಾಟ್ಲೆಂಡ್. ಅವನನ್ನೂ ಅವನ ಸಂತತಿಯನ್ನೂ ಮತ್ತೆ ಪಟ್ಟಕ್ಕೆ ಕೂರಿಸಬೇಕೆಂದವರಿಗೆ ಜೇಕಬೈಟರು ಎಂದು ಹೆಸರಾಯಿತು. ಜೇಮ್ಸ್ ಎಂಬ ಹೆಸರಿನ ಲ್ಯಾಟಿನ್ ರೂಪ ಜೇಕೊಬಸ್. ಸ್ಕಾಟ್ಲೆಂಡಿನಲ್ಲಿ 1689, 1715, 1745ರಲ್ಲಿ ಅವರು ದಂಗೆಯೆದ್ದರು. 1707ರಲ್ಲಿ ತಮ್ಮ ಪಾರ್ಲಿಮೆಂಟನ್ನು ಇಂಗ್ಲೆಂಡಿನದರೊಡನೆ ಕೂಡಿಸಿಬಿಟ್ಟರು, ಮೇಲೆ ಹೊಸ ತೆರಿಗೆ ಹೇರಿದರು ಎಂಬ ಸಿಟ್ಟೂ ಅಲ್ಲಿ ಸೇರಿತ್ತು. ಜೇಮ್ಸನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ 1745ರಲ್ಲಿ ಎಡಿನ್‌ಬರೋ ಹಿಡಿದು, ಡಿಸೆಂಬರಿನಲ್ಲಿ ಇಂಗ್ಲೆಂಡಿನ ಡರ್ಬಿಯವರೆಗೆ ಬಂದು ಹಿಂದಿರುಗಿದ. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ ಎಲ್ಲ ಮುಗಿಯಿತು. ಗೆದ್ದ ಸರಕಾರ ಮಲೆನಾಡಿಗರ ಆಯುಧವನ್ನು ಕಿತ್ತುಕೊಂಡಿತು. ಅವರ ಉಡುಪನ್ನೂ 1782ರವರೆಗೆ ನಿಷೇಧಿಸಿತು.

ಫ್ರೇಸರ್ ಮನೆತನದ ಹಿರಿಯ ಲಾರ್ಡ್ ಲೋವಟ್ ಈ ದಂಗೆಯ ಕಾರಣಕ್ಕೆ 1747ರಲ್ಲಿ ತಲೆ ಕಳೆದುಕೊಂಡ. ಅದೇ ಫ್ರೇಸರ್ ಹೆಸರಿನ, ಸ್ಕಾಟ್ಲೆಂಡಿನ ಮಲೆನಾಡಿನ ಮನೆತನದ ಒಬ್ಬ ಕರ್ನಲನೇ 1834ರಲ್ಲಿ ಹಾಲೇರಿ ವಂಶದ ಆಳ್ವಿಕೆ ಮುಗಿಯಿತೆಂದು ಸಾರಿದವನು. ಅವನ ಪೂರ್ತಿ ಹೆಸರು ಜೇಮ್ಸ್ ಸ್ಟುವರ್ಟ್ ಫ್ರೇಸರ್! ಕಾಲದ ಮಹಿಮೆ ಎನ್ನಬೇಕು.

ಸುಳ್ಯದಿಂದ ಮಂಗಳೂರಿಗೆ

ಇಳಿಸಲ್ಪಟ್ಟ ವಂಶಕ್ಕಾಗಿ ಜನ ಏಳುವುದು ಕನ್ನಡ ನಾಡಿಗೆ ಹೊಸತಾಗಿರಲಿಲ್ಲ. 1830ರಲ್ಲಿ ನಗರ ಸೀಮೆಯಲ್ಲಿ ಸದರಮಲ್ಲನೆಂಬವನು ಬೂದಿ ಬಸವಪ್ಪನೆಂಬ ಹೆಸರಿನಿಂದ, ತಾನು ಕೆಳದಿ ಅರಸರ ವಾರಸುದಾರನೆಂದು ಎದ್ದು ನಿಂತ. ಕಂದಾಯದ ಪೀಡೆಯಿಂದ ಬೇಸತ್ತ ರೈತರು ಅವನ ಹಿಂದೆ ನಡೆದರು. ಆ ದಂಗೆಯ ನೆಪದಲ್ಲಿಯೇ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡ.

ನಮಗೆ ಇನ್ನೂ ಹತ್ತಿರದ್ದು 1837ರ ದಂಗೆ. ಟಿಪ್ಪುವಿನ ಪತನದ ಬಳಿಕ ಕಂಪೆನಿಯೇ ಕೊಡಗಿನ ರಾಜನಿಗೆ ಕೊಟ್ಟಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು 1834ರಲ್ಲಿ ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ರಾಜನ ಕಾಲದಲ್ಲಿ ರೈತ ಕಂದಾಯವನ್ನು ಬೆಳೆಯ ರೂಪದಲ್ಲಿ ಅಳೆದು ಕೊಡುತ್ತಿದ್ದ. ಕಂಪೆನಿ ರೊಕ್ಕವನ್ನೇ ಕೇಳಿತು. ರೊಕ್ಕಕ್ಕೆ ರೈತ ಎಲ್ಲಿಗೆ ಹೋಗಬೇಕು? ಸಾಹುಕಾರನ ಜಗಲಿಗೆ. ಬಡ್ಡಿ ಬೆಳೆಯಿತು. ಉಪ್ಪು, ಹೊಗೆಸೊಪ್ಪಿನ ಮೇಲಿನ ಕಟ್ಟುಪಾಡು ಬೇರೆ.

ಇದೇ ಕಾಲಕ್ಕೆ ಹಾಲೇರಿ ವಂಶದವರೆಂದು ಹೇಳಿಕೊಂಡ ಜಂಗಮರು ಕೊಡಗಿನ ಸುತ್ತ ಕಾಣಿಸಿಕೊಂಡರು. ಮೊದಲು ಸ್ವಾಮಿ ಅಪರಂಪಾರ, ಬಳಿಕ ಕಲ್ಯಾಣಸ್ವಾಮಿ. ಇಬ್ಬರೂ ಸೆರೆಸಿಕ್ಕರು. ಆಗ ಶನಿವಾರಸಂತೆ ಕಡೆಯ ಪುಟ್ಟಬಸಪ್ಪನೆಂಬ ರೈತ ಕಲ್ಯಾಣಸ್ವಾಮಿಯ ಹೆಸರನ್ನು ಹೊತ್ತ. ಉಬರಡ್ಕದ ಕೆದಂಬಾಡಿ ರಾಮಯ್ಯಗೌಡ, ಕೊಡಗಿನ ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಜೊತೆಗೆ ನಿಂತರು. ಉಪ್ಪು ಹೊಗೆಸೊಪ್ಪಿನ ಸುಂಕ ಹೋಗುವುದು, ಕಂದಾಯ ಇಳಿಯುವುದು ಎಂದು ನಿರೂಪಗಳು ಹೊರಟವು.

ಮಾರ್ಚ್ ಕೊನೆಯಲ್ಲಿ ದಂಗೆ ಎದ್ದಿತು. ಜನರಿಗೆ ಬೇಡವಾಗಿದ್ದ ಅಟ್ಲೂರು ರಾಮಪ್ಪಯ್ಯನೆಂಬ ಅಧಿಕಾರಿ ಕೊಲೆಯಾದ. ಬೆಳ್ಳಾರೆಯ ಖಜಾನೆ ದಂಗೆಯವರ ಕೈಸೇರಿತು. ಅಲ್ಲಿಂದ ಪುತ್ತೂರು, ಬಂಟ್ವಾಳ. ದಾರಿಯುದ್ದಕ್ಕೂ ಗುಂಪು ಬೆಳೆಯಿತು. ಏಪ್ರಿಲ್ 5ರಂದು ಮಂಗಳೂರೇ ಕೈವಶವಾಯಿತು. ಬಾವುಟಗುಡ್ಡೆಯಲ್ಲಿ ಹೊಸ ಬಾವುಟ ಏರಿತು, ಸೆರೆಮನೆ ತೆರೆಯಿತು, ಕಚೇರಿಯ ದಾಖಲೆಗಳು ಬೆಂಕಿಗೆ ಹೋದವು. ಕಂಪೆನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣಾನೂರಿಗೆ ಹೋದರು. ಇತ್ತ ನಮ್ಮ ಕುಂಬಳೆ, ಮಂಜೇಶ್ವರಗಳ ಕಡೆಗೂ ಇದರ ಬಿಸಿ ತಟ್ಟಿತು. ಆಗ ಅವೆಲ್ಲ ಒಂದೇ ಜಿಲ್ಲೆ ತಾನೆ!

ಸುಮಾರು ಎರಡು ವಾರ ಹೀಗೆ ನಡೆಯಿತು. ಕಣ್ಣಾನೂರಿನಿಂದ ಸಮುದ್ರಮಾರ್ಗವಾಗಿ ಸೈನ್ಯ ಬಂದ ಮೇಲೆ ಗುಂಪು ಚದರಿತು. ಮಡಿಕೇರಿಯಲ್ಲಿ ದಂಗೆ ಹಬ್ಬದಂತೆ ದಿವಾನರಾದ ಚೆಪ್ಪುಡಿರ ಪೊನ್ನಪ್ಪ, ಅಪ್ಪಾರಂಡ ಬೋಪಣ್ಣ ಕಂಪೆನಿಯ ಪರ ನಿಂತು ತಡೆದರು. ಕಂಪೆನಿಗೆ ನಿಷ್ಠರಾಗಿದ್ದ ಕೊಡಗಿನವರಿಗೆ ಪದಕಗಳೂ ಬಂದವು. ಕಲ್ಲೋಡನ್ನಿನಲ್ಲಿಯೂ ಹೀಗೆಯೇ, ಸರಕಾರದ ಪರ ಹೋರಾಡಿದ ಸ್ಕಾಟರು ಬೇಕಾದಷ್ಟು ಜನ ಇದ್ದರು. ಒಂದೇ ನಾಡಿನವರು ಎರಡು ಕಡೆ ನಿಲ್ಲುವುದು ಎಲ್ಲ ದಂಗೆಗಳ ದುಃಖ.

ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮುಂತಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯಗೌಡನಿಗೆ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಾಯಿತು.

ರಾಜನಿಗಾಗಿಯೇ?

ಒಂದು ಮಾತನ್ನು ಗಮನಿಸಬೇಕು. ಚಾರ್ಲ್ಸ್ ಎಡ್ವರ್ಡ್ ತಾನೇ ಕತ್ತಿ ಹಿಡಿದು ಬಂದಿದ್ದ. ಚಿಕ್ಕ ವೀರರಾಜೇಂದ್ರ ಬಂದವನಲ್ಲ, ಅವನು ಕಾಶಿಯಲ್ಲಿದ್ದ. 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ; ವಿಕ್ಟೋರಿಯಾ ರಾಣಿ ಗೌರಮ್ಮನಿಗೆ ಧರ್ಮಮಾತೆಯಾದಳು; ಅವನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಹಾಗಾದರೆ ಸುಳ್ಯದ ರೈತ ಎದ್ದದ್ದು ಈ ರಾಜನ ಮೇಲಿನ ಪ್ರೀತಿಯಿಂದಲೇ? ಕ್ರೂರಿಯೆಂದು ಹೆಸರಾಗಿದ್ದ ರಾಜ ಅವನು. ರೈತನಿಗೆ ಬೇಕಾದದ್ದು ಭತ್ತ ಅಳೆದು ಕಂದಾಯ ಕೊಡುವ ಹಳೆಯ ಕ್ರಮ, ಹೇಳಿಕೊಂಡರೆ ತನ್ನ ಭಾಷೆಯಲ್ಲಿ ಕೇಳುವ ಒಬ್ಬ ದೊರೆ. ರಾಜವಂಶದ ಹೆಸರು ಆ ಬಯಕೆಗೆ ಹಿಡಿದ ಕೊಡೆ. ಆದ್ದರಿಂದಲೇ ಆ ಕೊಡೆಯಡಿ ಒಬ್ಬ ರೈತ ರಾಜವೇಷದಲ್ಲಿ ನಿಂತರೂ ಜನ ಹಿಂದೆ ನಡೆದರು.

ಗೆದ್ದವರು ಈ ದಂಗೆಗೆ ಕೊಟ್ಟ ಬೆಲೆ ಲೂಟಿಯೆಂಬುದು. ಲೂಟಿ, ಕೊಲೆ ನಡೆದದ್ದು ಸುಳ್ಳಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದಷ್ಟೇ ಆಗಿರಲಿಲ್ಲ. ನಮ್ಮ ಕಡೆ ಹಿರಿಯರ ಬಾಯಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಸುಲಿಗೆ, ದರೋಡೆ. ಗಲ್ಲಿಗೇರಿದವರ ಮೊಮ್ಮಕ್ಕಳೇ ಅದೇ ಮಾತನ್ನು ಬಳಸುತ್ತ ಬಂದೆವು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದ ರಾಜನನ್ನು ಬಲ್ಲೆವು. ಅವನ ವಂಶದ ಹೆಸರಿನಲ್ಲಿ ಕೊರಳು ಕೊಟ್ಟ ಪುಟ್ಟಬಸಪ್ಪನನ್ನು ಎಷ್ಟು ಜನ ಬಲ್ಲೆವು?

ಈಗ ಈ ಹೆಸರುಗಳಿಗೆ ಮರ್ಯಾದೆ ಬರತೊಡಗಿದೆ. ಮಡಿಕೇರಿಯಲ್ಲಿ ಅಪ್ಪಯ್ಯಗೌಡರ ಪ್ರತಿಮೆ ಇದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತಿತು. ಆದರೆ ಗಡಿಯ ಈಚೆಗಿರುವ ನಮ್ಮ ಮಕ್ಕಳಿಗೆ? 1956ರ ನವೆಂಬರ್ 1ರಂದು ಗಡಿಗೆರೆ ಬಿದ್ದಾಗ ಈ ಕಥೆಯೂ ತುಂಡಾಯಿತು. ದಂಗೆ ಎದ್ದ ಊರು ಕರ್ನಾಟಕಕ್ಕೆ, ಅದನ್ನಡಗಿಸಲು ಸೈನ್ಯ ಹೊರಟ ಕಣ್ಣಾನೂರು ಕೇರಳಕ್ಕೆ, ಕೊಡಗು ಕೈಸೇರಿದ ವರ್ಷ ಬೆಂಟಿಂಕ್ ಬಿಡಾರ ಹೂಡಿದ್ದ ಉದಕಮಂಡಲ ತಮಿಳುನಾಡಿಗೆ. ಅವನ್ನು ಜೋಡಿಸಿ ಹೇಳಬೇಕಾದವರು ಮನೆಯ ಹಿರಿಯರು, ಕನ್ನಡ ಶಾಲೆಯ ಮಾಷ್ಟ್ರುಗಳು.

ಸ್ಕಾಟರು ಸೋತ ದಂಗೆಯನ್ನು ಹಾಡು ಕಟ್ಟಿ ಉಳಿಸಿಕೊಂಡರು. ನಾವು ಹಾಡು ಕಟ್ಟದಿದ್ದರೂ ಬೇಡ, ಅಜ್ಜಂದಿರು ಹೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡೋಣ. ಮನೆಯಲ್ಲಿ ಯಾರಾದರೂ ‘ಕಾಟಕಾಯಿ’ ಎಂದರೆ ಮಕ್ಕಳು ಕೇಳಲಿ: ಹಾಗೆಂದು ಮೊದಲು ಕರೆದವರು ಯಾರು?