ಕಾಯಕವೂ ಕೂಸೂ: ಕೂಲಿಗೆ ಹೋಗುವ ತಾಯಂದಿರ ಅರ್ಧ ದಿನದ ಲೆಕ್ಕ

"ಅಪ್ಪಾರ, ಕೂಲಿಗೆ ಹೋದರ ಕೂಸು ಅಳತೈತಿ, ಮನ್ಯಾಗ ಕುಂತರ ಒಲಿ ಆರತೈತಿ. ಯಾವುದು ಬಿಡಲಿ?" ಪಾಮನಕಲ್ಲೂರು ಸೀಮೆಯ ಹೊಲಗಳ ಬದುವಿನಲ್ಲಿ ತಾಯಂದಿರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತಿದು. ಇದಕ್ಕೆ ಸಮಾಧಾನದ ನಾಲ್ಕು ನುಡಿ ಹೇಳಿ ಕಳುಹಿಸುವುದು ಸುಲಭ. ಆದರೆ ಆ ತಾಯಿ ಕೇಳುತ್ತಿರುವುದು ಸಮಾಧಾನವನ್ನಲ್ಲ, ದಾರಿಯನ್ನು. ಆದುದರಿಂದ ಈ ವಿಷಯವನ್ನು ಸದ್ಭಕ್ತರ ಮುಂದೆ ಸ್ವಲ್ಪ ವಿವರವಾಗಿ ಇಡಲು ಬಯಸುತ್ತೇವೆ.

ಮಸ್ಕಿ, ಲಿಂಗಸುಗೂರು, ಸಿಂಧನೂರು ಮೂರೂ ಅಕ್ಕಪಕ್ಕದ ತಾಲೂಕುಗಳಾದರೂ ದುಡಿಮೆಯ ರೀತಿ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವ ಕಡೆ ಭತ್ತ. ನೀರಿಲ್ಲದ ಕಡೆ ಹತ್ತಿ, ತೊಗರಿ, ಜೋಳ, ಸಜ್ಜೆ. ನಾರಾಯಣಪುರ ಬಲದಂಡೆಯ 5ಎ ನಾಲೆಗಾಗಿ 2020ರಲ್ಲಿ ರೈತರು ಪಾಮನಕಲ್ಲೂರಿನಲ್ಲಿಯೇ ಅನಿರ್ದಿಷ್ಟ ಧರಣಿ ಕುಳಿತದ್ದು ಎಲ್ಲರಿಗೂ ನೆನಪಿರಬೇಕು. ಮಳೆಯನ್ನೇ ನಂಬಿದ ಊರುಗಳಲ್ಲಿ ಕೂಲಿ ವರ್ಷವಿಡೀ ಇರುವುದಿಲ್ಲ. ಇರುವ ಕೆಲವು ತಿಂಗಳುಗಳಲ್ಲಿ ಹೋಗದಿದ್ದರೆ ಮುಂದೆ ಗುಳೆಯೇ ಗತಿ. ಹೀಗಾಗಿ "ಮಗು ದೊಡ್ಡದಾಗುವವರೆಗೆ ಮನೆಯಲ್ಲಿರು" ಎಂಬ ಉಪದೇಶ ಇಲ್ಲಿ ಬಹಳ ಮನೆಗಳಿಗೆ ಸಲ್ಲದು.

ನಗರದ ಕಚೇರಿಗಳಲ್ಲಿ ದುಡಿಯುವ ಮಹಿಳೆಯರಿಗೆ ಹೆರಿಗೆ ಸೌಲಭ್ಯದ ಕಾನೂನು ಇದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯುತ್ತದೆ. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿಯೂ ಇರಬೇಕು. ಹೊಲದ ಕೂಲಿಗೆ ಹೋಗುವವಳಿಗೆ ಇವೆರಡೂ ಇಲ್ಲ. ಅವಳ ರಜೆಯೆಂದರೆ ಕೂಲಿ ಇಲ್ಲದ ದಿನ, ಅಷ್ಟೇ.

ಹಾಗಿದ್ದರೂ ಅರ್ಧ ದಿನದ ದುಡಿಮೆ ನಮ್ಮ ಕಡೆ ಸಾಧ್ಯವಿಲ್ಲವೆಂದಲ್ಲ. ಅದು ಕೆಲಸದ ಸ್ವರೂಪದ ಮೇಲೆ ನಿಂತಿದೆ. ಭತ್ತದ ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುಂಪಾಗಿ ಗುತ್ತಿಗೆ ಹಿಡಿಯುತ್ತಾರೆ. ಸಾಲಿನಲ್ಲಿ ಒಬ್ಬಳು ಮಧ್ಯಾಹ್ನಕ್ಕೆ ಎದ್ದು ಹೋದರೆ ಉಳಿದವರ ಮೇಲೆ ಭಾರ ಬೀಳುತ್ತದೆ. ಎದೆಹಾಲು ಕುಡಿಯುವ ಕೂಸಿರುವವಳಿಗೆ ಈ ಕೆಲಸ ಹೊಂದುವುದಿಲ್ಲ. ಹತ್ತಿ ಬಿಡಿಸುವುದು ಹಾಗಲ್ಲ. ಅಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯಿದೆ. ಬಿಡಿಸಿದಷ್ಟನ್ನು ತೂಗಿಸಿ ಹನ್ನೆರಡು ಗಂಟೆಗೇ ಮನೆಗೆ ಮರಳಬಹುದು, ಯಾರಿಗೂ ಹೊರೆಯಾಗದು. ಇಬ್ಬರು ಬಾಣಂತಿಯರು ಒಪ್ಪಂದ ಮಾಡಿಕೊಂಡು, ಬೆಳಿಗ್ಗೆ ಒಬ್ಬಳು ಹೊಲಕ್ಕೆ ಹೋದಾಗ ಇನ್ನೊಬ್ಬಳು ಎರಡೂ ಕೂಸುಗಳನ್ನು ನೋಡಿಕೊಂಡು, ಮಧ್ಯಾಹ್ನ ಅದಲುಬದಲಾಗುವುದು ಇಂತಹ ಕೆಲಸದಲ್ಲಿ ಮಾತ್ರ ನಡೆಯುತ್ತದೆ. ಹೊಲದ ಒಡೆಯರು ಮೊದಲೇ ಒಪ್ಪಿದರೆ ಸಾಕು. ನಮ್ಮ ಭಕ್ತರಲ್ಲಿ ಹೊಲದ ಒಡೆಯರೂ ಅನೇಕರಿದ್ದಾರೆ; ಈ ಮಾತನ್ನು ಅವರಿಗಾಗಿಯೂ ಬರೆಯುತ್ತಿದ್ದೇವೆ.

ಮೆಣಸಿನಕಾಯಿ ಬಿಡಿಸುವ ಕೆಲಸದಲ್ಲಿ ಒಂದು ಎಚ್ಚರಿಕೆ ಬೇಕು. ಬೆರಳಿಗೆ ಹತ್ತಿದ ಖಾರ ನೀರಿಗಷ್ಟೇ ಹೋಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಬಳಿಕ ಸೋಪಿನಿಂದ ತೊಳೆದು, ಸೀರೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು. ಔಷಧ ಸಿಂಪಡಿಸಿದ ಹತ್ತಿ ಹೊಲಕ್ಕೆ ಮಗುವನ್ನು ಒಯ್ಯಲೇಬಾರದು. ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುವುದು ಹಿಂದಿನಿಂದ ಬಂದ ರೂಢಿ, ನಿಜ. ಆದರೆ ಹಿಂದಿನ ಹೊಲದಲ್ಲಿ ಇಷ್ಟು ವಿಷ ಬೀಳುತ್ತಿರಲಿಲ್ಲ.

ಕೂಸಿನ ಆಹಾರದ ಬಗೆಗೆ ವೈದ್ಯರು ಹೇಳುವುದು ಸ್ಪಷ್ಟವಾಗಿದೆ: ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ತಾಯಿ ಮೂರು ನಾಲ್ಕು ಗಂಟೆ ಹೊರಗಿರುವುದಾದರೆ ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಟ್ಟು ಹೋಗಬಹುದು. ಮನೆಯಲ್ಲಿದ್ದವರು ಅದನ್ನು ಬಾಟಲಿಯಿಂದಲ್ಲ, ಒಳಲೆಯಿಂದಲೋ ಚಮಚದಿಂದಲೋ ಕುಡಿಸಬೇಕು. ನಮ್ಮ ರಾಯಚೂರಿನ ಬಿಸಿಲಿನಲ್ಲಿ ಹೊರಗಿಟ್ಟ ಹಾಲು ಹೆಚ್ಚು ಹೊತ್ತು ತಾಳದು. ಮನೆಯಲ್ಲಿ ಫ್ರಿಜ್ ಇದ್ದರೆ ಅದರಲ್ಲಿಡುವುದು ಒಳ್ಳೆಯದು. ಆರು ತಿಂಗಳು ತುಂಬಿದ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ರಾಗಿ ಗಂಜಿ ಆರಂಭಿಸಿದರೆ ತಾಯಿಯ ಹೊತ್ತೂ ತುಸು ಸಡಿಲವಾಗುತ್ತದೆ. ಎದೆಹಾಲು ಮಾತ್ರ ಎರಡು ವರ್ಷದವರೆಗೆ ನಡೆಯಲಿ.

ಇನ್ನು ಸರ್ಕಾರದ ವ್ಯವಸ್ಥೆ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಲ್ಲಿ ಕೂತು ಕಲಿಯುವವರು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರ ಕೊಟ್ಟು ಕಳುಹಿಸುತ್ತಾರೆ, ಇಟ್ಟುಕೊಳ್ಳುವುದಿಲ್ಲ. ಕೂಲಿಯವರು ಸೂರ್ಯ ಏರುವ ಮೊದಲೇ ಹೊರಟರೆ ಅಂಗನವಾಡಿಯ ಬಾಗಿಲು ಆ ಮೇಲೆ ತೆರೆಯುತ್ತದೆ. ಈ ನಡುವಿನ ಹೊತ್ತು, ಈ ನಡುವಿನ ವಯಸ್ಸು, ಎರಡೂ ಯಾರ ಲೆಕ್ಕಕ್ಕೂ ಸಿಗದೆ ಉಳಿದಿವೆ.

ಈ ಕೊರತೆಯನ್ನು ತುಂಬಲೆಂದೇ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಹಾಗೂ ಊರಿನ ಇತರ ದುಡಿಯುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದು ಇದರ ಉದ್ದೇಶ. ಊರಿನ ಮಹಿಳೆಯರನ್ನೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ನೇಮಿಸುತ್ತಾರೆ. ಈ ಆಲೋಚನೆ ಹೊಸದೇನಲ್ಲ. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ, ಉಳಿದವರಷ್ಟೇ ಕೂಲಿ ಕೊಡಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲಿಯೇ ಬರೆದಿತ್ತು. ಕಾಗದದಲ್ಲಿದ್ದದ್ದನ್ನು ಕೇಳಿ ಪಡೆದವರು ಕಡಿಮೆ.

ಕೂಸನ್ನು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ದುಡಿಮೆಯೆಂದು ಕಾನೂನು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಶರಣರ ನಾಡಿನವರಾದ ನಮಗೆ ಇದು ಹೊಸದಾಗಿ ಕೇಳಿಸಬಾರದಿತ್ತು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದರು, ಕದಿರೆ ರೆಮ್ಮವ್ವೆ ನೂಲು ತೆಗೆದರು. ಇದೇ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನವರು, ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಿ ಬನ್ನಿರೆಂದವರು. ಆ ಮನೆಯಲ್ಲಿ ಕಾಯಕದ ಮಾತನ್ನು ಇಬ್ಬರೂ ಕೂಡಿ ಆಡುತ್ತಿದ್ದರು. ಇಂದು ನಮ್ಮ ಮುಂದೆ "ಯಾವುದು ಬಿಡಲಿ" ಎಂದು ಕೇಳುವವಳು ಯಾವಾಗಲೂ ತಾಯಿಯೇ. ಒಬ್ಬ ತಂದೆಯೂ ಈ ಪ್ರಶ್ನೆ ಹೊತ್ತು ನಮ್ಮಲ್ಲಿಗೆ ಬಂದದ್ದಿಲ್ಲ. ನೀರು ತರುವುದು, ಕೂಸಿನ ಬಟ್ಟೆ ಒಗೆಯುವುದು, ಸಂಜೆ ಒಂದು ಗಂಟೆ ತೊಟ್ಟಿಲು ತೂಗುವುದು ಗಂಡಸಿಗೆ ಅವಮಾನವೆಂದು ಯಾವ ಶರಣರೂ ಹೇಳಿಲ್ಲ.

ಎಲ್ಲಕ್ಕಿಂತ ನಮ್ಮನ್ನು ನೋಯಿಸುವುದು ಬೇರೊಂದು. ಕೂಸನ್ನು ಅಜ್ಜಿ ನೋಡಿಕೊಂಡರೆ ಸರಿ. ಅಜ್ಜಿಯೂ ಕೂಲಿಗೆ ಹೋಗುವ ಮನೆಯಲ್ಲಿ ಆ ಭಾರ ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಬೀಳುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಯ ಹಾಜರಿಯಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಖಾಲಿ ಬೀಳುವುದಕ್ಕೆ ಇದೊಂದು ಕಾರಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆಯ ಹಕ್ಕು ಕೊಟ್ಟಿದೆ. ತಾಯಿಯ ಅರ್ಧ ದಿನದ ಕೂಲಿಯನ್ನು ಮಗಳ ಇಡೀ ವರ್ಷದ ಓದಿನಿಂದ ತೀರಿಸುವ ಈ ಲೆಕ್ಕ ತಪ್ಪು. ಅಂತಹ ಮನೆ ಕಂಡರೆ ನೆರೆಯವರು ಆಡಿಕೊಳ್ಳುವ ಬದಲು ಆ ಕೂಸನ್ನು ಎರಡು ತಾಸು ಎತ್ತಿಕೊಳ್ಳಲಿ.

ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಮಂಜೂರಾಗಿದೆಯೇ, ಆಗಿದ್ದರೆ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಆರೈಕೆದಾರರಿಗೆ ಕೂಲಿ ಸರಿಯಾಗಿ ಸಂದಿದೆಯೇ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿರಿ. ಆಗಿಲ್ಲವಾದರೆ ಮೂರು ವರ್ಷದೊಳಗಿನ ಮಕ್ಕಳಿರುವ ತಾಯಂದಿರೆಲ್ಲರ ಹೆಸರು ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಹಿಡಿದು ಹೋಗುವವರಲ್ಲಿ ತಂದೆಯಂದಿರೂ ಇರಲಿ.