ದಅವಾಕ್ಕೆ ಅರಿಸ್ಟಾಟಲನ ಅಳತೆಗೋಲು

ದೀನಿನ ಸಂದೇಶ ಹೇಳುವ ಬರಹ, ವಿಡಿಯೊಗಳು ದಿನಾ ನಮ್ಮ ಮೊಬೈಲಿಗೆ ಬಂದು ಬೀಳುತ್ತವೆ. ಅವನ್ನು ಅಳೆಯೋದು ಹೇಗೆ? ಕ್ರಿ.ಪೂ. 384ರಲ್ಲಿ ಹುಟ್ಟಿದ ಅರಿಸ್ಟಾಟಲ್ ಮೂರು ಅಳತೆ ಕೊಟ್ಟಿದ್ದಾನೆ: ಹೇಳುವವನ ನಡತೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಬಹುಮಟ್ಟಿಗೆ ನಡತೆಯ ತೂಕವೇ ದೊಡ್ಡದು, ಅದು ಮಾತಿನಲ್ಲೇ ಕಾಣಬೇಕು ಅಂತಾನೆ. ನಾವು ಹಂಚೋದರಲ್ಲಿ ಭಾವನೆಗೇನೂ ಬರವಿಲ್ಲ. ನರಕದ ಬೆಂಕಿ ಧಾರಾಳ. ಬರೆದವರು ಯಾರು, ಹದೀಸ್ ಯಾವ ಗ್ರಂಥದ್ದು ಅಂತ ಹುಡುಕಿದರೆ ಎಷ್ಟೋ ಸಲ ಸಿಗೋದಿಲ್ಲ.

ಗ್ರೀಕನ ಮಾತು ನಮಗ್ಯಾಕೆ ಅನ್ನಬೇಡಿ. ಅವನ ಭಾಷಣಕಲೆಯ ಗ್ರಂಥಕ್ಕೆ ವ್ಯಾಖ್ಯಾನ ಬರೆದವರು ಕುರ್ತುಬಾದ ಖಾಝಿ ಇಬ್ನ್ ರುಶ್ದ್ (1126–1198). ಸೂರಾ ನಹ್ಲ್‌ನ 125ನೇ ಆಯತ್ತಿನಲ್ಲಿರುವ ಮೂರು ದಾರಿಗಳನ್ನು ಅವರು ಮೂರು ಬಗೆಯ ಕೇಳುಗರಿಗೆ ಹೊಂದಿಸಿ ನೋಡಿದರು. ನಾವೋ, ಪಕ್ಕದ ಮನೆಯ ಶೆಟ್ಟರಿಗೂ ಮದ್ರಸದ ಮಗುವಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡಿ ಕೆಲಸ ಮುಗೀತು ಅಂತೇವೆ.